ಒಂದು ಆಂಗ್ಲ ದೃಶ್ಯಕಾದಂಬರಿಯ ಕರ್ತೃಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ದೃಶ್ಯಕಾದಂಬರಿಯನ್ನು ಬೆಲೆಕೊಟ್ಟು ಕೊಂಡು, ಅದರ ನಾಲ್ಕು ನಾಯಿಕೆಯರ ನಾಲ್ಕು ಕವಲುಗಳಲ್ಲಿ ಒಂದನ್ನೂ ಬಿಡದೆ, ಬೇಸರ ಬಂದಲ್ಲಿ ಬೇಸರವನ್ನು ನುಂಗಿಕೊಂಡು, ಕಡೆಯ ಕೃತಜ್ಞತಾಪಟ್ಟಿಯವರೆಗೂ ಓದಿ ಮುಗಿಸಿದ ಓದುಗರಲ್ಲಿ ನಾನೊಬ್ಬನು. ಆ ಓದಿನಿಂದ ನನ್ನಲ್ಲಿ ಉಳಿದ ನಿರಾಶೆಯನ್ನು ನಿಮ್ಮ ಮುಂದೆಯೇ ಹೇಳಿಬಿಡುವುದು ಬೆನ್ನ ಹಿಂದೆ ಆಡಿಕೊಳ್ಳುವುದಕ್ಕಿಂತ ಮರ್ಯಾದೆಯ ಕೆಲಸವೆಂದು ತೋರಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಕೃತಿಯ ಹೆಸರನ್ನಾಗಲಿ ನಿಮ್ಮ ಮಂಡಲಿಯ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ. ಬರೆದವರು ನೀವಾದ್ದರಿಂದ ಮುಂದಿನ ವರ್ಣನೆಯಲ್ಲಿ ನಿಮ್ಮ ಕೈಯ ಗುರುತನ್ನು ಕಾಣದೆ ಇರಲಾರಿರಿ. ಉಳಿದವರಿಗೆ ಹೆಸರಿನಿಂದ ಆಗಬೇಕಾದ ಪ್ರಯೋಜನವೇನೂ ಇಲ್ಲ, ಏಕೆಂದರೆ ನಾನು ಎತ್ತಿ ತೋರಿಸಲಿರುವ ದೋಷಗಳು ಇಂಗ್ಲಿಷಿನಲ್ಲಿ ಈ ಪ್ರಕಾರವನ್ನು ಕೈಗೊಂಡ ಇನ್ನೂ ಹಲವರ ಬರವಣಿಗೆಯಲ್ಲಿ ಹರಡಿಕೊಂಡಿವೆ. ಕನ್ನಡದಲ್ಲಿ ಏಕೆ ಬರೆದೆನೆಂದು ಕೇಳುವಿರಾದರೆ, ಕೋಪದಲ್ಲಿ ಹದ ತಪ್ಪದೆ ಇರಬೇಕಾದ ಮನುಷ್ಯನು ತನ್ನ ಮನೆಮಾತನ್ನೇ ಆಡುವುದು ಕ್ಷೇಮ. ಅದೂ ಅಲ್ಲದೆ, ಬಹಿರಂಗ ಪತ್ರದ ವಿಳಾಸ ಯಾರದೇ ಆಗಿರಲಿ, ಅದನ್ನು ಮೊದಲು ಓದುವವರು ಪಕ್ಕದಲ್ಲಿ ನಿಂತವರೇ.

ಆ ಪಕ್ಕದವರ ಸಲುವಾಗಿ ನಾಲ್ಕು ಮಾತು ಹೇಳಲು ನನಗೆ ಅಪ್ಪಣೆಯಾಗಬೇಕು. ವಿಷುಯಲ್ ನಾವೆಲ್ ಎಂದು ಲೋಕವು ಕರೆಯುವ, ನಾನು ದೃಶ್ಯಕಾದಂಬರಿ ಎನ್ನುತ್ತಿರುವ ಈ ಪ್ರಕಾರವು ಕಂಪ್ಯೂಟರಿನ ಪರದೆಯ ಮೇಲೆ ಓದತಕ್ಕ ಕಥೆ. ಹಿಂದುಗಡೆ ಒಂದು ಬೀದಿಯದೋ ಕೋಣೆಯದೋ ಚಿತ್ರ. ಅದರ ಮುಂದೆ ಮಾತನಾಡುವ ಪಾತ್ರದ ನಿಂತ ಆಕೃತಿ, ಮಾತಿಗೆ ತಕ್ಕಂತೆ ಅದರ ಮುಖಭಾವ ಬದಲಾಗುತ್ತಿರುತ್ತದೆ. ಕೆಳಗಡೆ ಮೂರು ಸಾಲು ಹಿಡಿಯುವಷ್ಟು ಒಂದು ಚೌಕಟ್ಟು, ಅದರೊಳಗೆ ಗದ್ಯ. ಇವೆಲ್ಲದರ ಹಿನ್ನೆಲೆಯಲ್ಲಿ ಸಂಗೀತ. ಓದುಗನು ಒಮ್ಮೆ ಕ್ಲಿಕ್ ಮಾಡಿದರೆ ಕಥೆ ಒಂದು ಮಾತಿನಷ್ಟು ಮುಂದೆ ಸರಿಯುತ್ತದೆ. ಅಲ್ಲಲ್ಲಿ ನಿಂತು, ಹೀಗೆ ಮಾಡುವೆಯೋ ಹಾಗೆ ಮಾಡುವೆಯೋ ಎಂದು ಕೇಳಿ, ಉತ್ತರಕ್ಕೆ ಅನುಸಾರವಾಗಿ ಕವಲೊಡೆಯುತ್ತದೆ. ಇದರ ತವರು ಜಪಾನು. 1983ರಲ್ಲಿ ಯೂಜಿ ಹೊರೀ ಎಂಬಾತನು ರಚಿಸಿದ ಪೋರ್ಟೋಪಿಯಾ ಎಂಬ ಪತ್ತೇದಾರಿ ಕೃತಿಯಲ್ಲಿ ಇದರ ಮೂಲರೂಪವನ್ನು ಕಾಣಬಹುದು; 1992ರಲ್ಲಿ ಚುನ್‌ಸಾಫ್ಟ್ ಸಂಸ್ಥೆಯ ಒತೊಗಿರಿಸೋ ಎಂಬುದು ಚಿತ್ರದ ಮೇಲೆ ಗದ್ಯವನ್ನು ಪರದೆಯ ತುಂಬ ಹರಡಿ, ಧ್ವನಿ ಸಂಗೀತಗಳೊಡನೆ ಓದಿಸುವ ಮಾರ್ಗವನ್ನು ಹಾಕಿಕೊಟ್ಟಿತು; 1996ರಲ್ಲಿ ಲೀಫ್ ಎಂಬ ಸಂಸ್ಥೆ ತನ್ನ ಮಾಲೆಗೆ ಇಟ್ಟುಕೊಂಡ ವಿಷುಯಲ್ ನಾವೆಲ್ ಎಂಬ ಹೆಸರು ಕ್ರಮೇಣ ಪ್ರಕಾರಕ್ಕೆಲ್ಲ ಹೆಸರಾಯಿತು. ಇಂಗ್ಲಿಷಿನಲ್ಲಿ ಇದನ್ನು ಬರೆಯುವವರ ಕೈಗೆ 2004ರಲ್ಲಿ ರೆನ್‌ಪೈ ಎಂಬ ಉಚಿತ ಸಾಫ್ಟ್‌ವೇರ್ ದೊರೆತ ಮೇಲೆ, ಪ್ರೋಗ್ರಾಮಿಂಗ್ ವಿದ್ಯೆಯನ್ನು ಹೆಚ್ಚಾಗಿ ಅರಿಯದವನೂ ನಾಟಕದ ಹಸ್ತಪ್ರತಿಯನ್ನು ಬರೆಯುವಷ್ಟೇ ಸುಲಭವಾಗಿ ಪಾತ್ರವನ್ನು ರಂಗಕ್ಕೆ ತಂದು, ಮಾತನಾಡಿಸಿ, ಮರೆಮಾಡಬಹುದಾಯಿತು. 2012ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಹೊರಬಂದ ಕತಾವಾ ಶೋಜೋ, 2017ರಲ್ಲಿ ಲಕ್ಷಾಂತರ ಜನರನ್ನು ತಲ್ಲಣಗೊಳಿಸಿದ ಡೋಕಿ ಡೋಕಿ ಲಿಟರೇಚರ್ ಕ್ಲಬ್, ಇವೆರಡೂ ರೆನ್‌ಪೈಯ ಮೇಲೆಯೇ ನಿಂತವು. ಎರಡನ್ನೂ ಉಚಿತವಾಗಿಯೇ ಹಂಚಲಾಯಿತು. ನಿಮ್ಮದೂ ಅದೇ ರಂಗಸ್ಥಳ.

ಈ ಪ್ರಕಾರವನ್ನೇ ಮಕ್ಕಳಾಟವೆಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರಿದವನಲ್ಲ. ಸೇರಿದ್ದರೆ ನಿಮ್ಮ ಕೃತಿಯ ಮೇಲೆ ಇಷ್ಟು ಸಿಟ್ಟು ಬರುವುದಕ್ಕೆ ಕಾರಣವೇ ಇರುತ್ತಿರಲಿಲ್ಲ.

ಇಲ್ಲಿ ಗದ್ಯದ ಸ್ಥಿತಿ ಬಹಳ ವಿಲಕ್ಷಣವಾದುದು. ಅಚ್ಚಿನ ಕಾದಂಬರಿಯಲ್ಲಿ ಕಣ್ಣು ತಾನಾಗಿ ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಸಪ್ಪೆಯಾದ ವಾಕ್ಯವೊಂದು ಅಕ್ಕಪಕ್ಕದ ಒಳ್ಳೆಯ ವಾಕ್ಯಗಳ ಮರೆಯಲ್ಲಿ ನುಸುಳಿಕೊಂಡು ಹೋಗಿಬಿಡಬಹುದು. ನಿಮ್ಮಲ್ಲಿ ಒಂದೊಂದು ಮಾತೂ ಚೌಕಟ್ಟಿನೊಳಗೆ ಒಂಟಿಯಾಗಿ ಬಂದು ನಿಲ್ಲುತ್ತದೆ, ಓದುಗನು ಬೆರಳನ್ನೊತ್ತಿ 'ಆಯಿತು, ಮುಂದೆ ಹೇಳು' ಎಂದು ಅನುಮತಿಯನ್ನು ಕೊಟ್ಟ ಹೊರತು ಮುಂದಿನದು ಬರುವುದಿಲ್ಲ. ಹೀಗೆ ಸಾವಿರಾರು ಸಲ ಅನುಮತಿಯನ್ನು ಬೇಡುವ ಲೇಖಕನು, ಆ ಬೆರಳಿನ ಶ್ರಮಕ್ಕೆ ಪ್ರತಿಯಾಗಿ ಒಂದು ಸುದ್ದಿಯನ್ನೋ, ಒಂದು ನಗುವನ್ನೋ, ಒಂದು ಸಂದೇಹವನ್ನೋ, ಏನೂ ಇಲ್ಲದಿದ್ದರೆ ಕಿವಿಗೆ ಹಿತವಾದ ಒಂದು ಲಯವನ್ನೋ ಕೊಡಬೇಕಾದ ಋಣಕ್ಕೆ ಪ್ರತಿಸಲವೂ ಒಳಗಾಗುತ್ತಾನೆ. ನನ್ನ ದೂರಿನ ತಿರುಳು ಇಷ್ಟೇ: ನೀವು ಸಾಲವನ್ನು ಎತ್ತಿದಿರಿ, ತೀರಿಸಲಿಲ್ಲ. ಬಲ್ಲವರು ಹೇಗೆ ತೀರಿಸುತ್ತಾರೆಂಬುದಕ್ಕೆ 2001ರಲ್ಲಿ ಶೂ ತಕುಮಿ ರಚಿಸಿದ, ಇಂಗ್ಲಿಷಿನಲ್ಲಿ ಏಸ್ ಅಟಾರ್ನಿ ಎಂದು ಪ್ರಸಿದ್ಧವಾದ ನ್ಯಾಯಾಲಯದ ಕಥೆಗಳನ್ನು ನೋಡಬೇಕು. ಅಲ್ಲಿ ಅಕ್ಷರಗಳು ಟಿಕ್ಕೆನ್ನುವ ಸದ್ದಿನೊಡನೆ ಒಂದೊಂದಾಗಿ ಮೂಡುತ್ತವೆ. ಸಾಕ್ಷಿಯು ತಡವರಿಸುವಲ್ಲಿ ಅವೂ ತಡವರಿಸುತ್ತವೆ, ಗಾಬರಿಯಾದಲ್ಲಿ ಧಾವಿಸುತ್ತವೆ, ಸುಳ್ಳಿಗೆ ಮುಂಚೆ ಒಂದು ಉಸಿರಿನಷ್ಟು ಹೊತ್ತು ನಿಂತುಬಿಡುತ್ತವೆ. ಆ ನಿಲುಗಡೆಯಲ್ಲಿ ಓದುಗನ ಬೆರಳು ತಾನಾಗಿ ಮುಂದಕ್ಕೆ ಬಾಗುತ್ತದೆ, ಲೇಖಕನು ಬೇಡುವ ಪ್ರಮೇಯವೇ ಇಲ್ಲ.

ಇನ್ನು ನಿಮ್ಮ ಕೃತಿ. ಎರಡನೆಯ ನಾಯಿಕೆಯ ಕವಲಿನ ನಟ್ಟನಡುವಿನ ಪ್ರಸಂಗವನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೇನೆ, ಏಕೆಂದರೆ ನಿಮ್ಮ ಕೃತಿಯ ಸದ್ಗುಣಗಳೂ ದುರ್ಗುಣಗಳೂ ಅಲ್ಲಿ ಒಂದೇ ಪರದೆಯ ಮೇಲೆ ಕೂಡಿವೆ. ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದ ಒಂದು ಬೆಸ್ತರ ಊರು. ರಾತ್ರಿ ಬಿರುಗಾಳಿ ಬೀಸಿದೆ. ಆ ಹುಡುಗಿಯ ಅಣ್ಣನ ದೋಣಿ ಮರಳಿಲ್ಲ. ಬೆಳಗಿನ ಜಾವ ಅವಳು ಬಂದರಿನ ಕಟ್ಟೆಯ ಮೇಲೆ ಬಂದು ನಿಂತಿದ್ದಾಳೆ. ನಿಮ್ಮ ಚಿತ್ರಕಾರನು ಅವಳಿಗೆ ಆ ಅಣ್ಣನ ಹಳದಿ ಮಳೆಯಂಗಿಯನ್ನು ತೊಡಿಸಿದ್ದಾನೆ, ಅದರ ತೋಳುಗಳು ಅವಳ ಬೆರಳ ತುದಿಯನ್ನು ಮೀರಿ ಜೋಲುತ್ತಿವೆ. ಹಿಂದಿನ ಅಧ್ಯಾಯದಲ್ಲಿ ಅದೇ ಅಂಗಿಯನ್ನು ಅವನ ಮೈಮೇಲೆ ಕಂಡಿದ್ದ ನನಗೆ ಗಂಟಲು ಕಟ್ಟಿತು. ಸಂಗೀತಗಾರನು ಅಷ್ಟು ಹೊತ್ತು ನುಡಿಸುತ್ತಿದ್ದ ಪಿಯಾನೋವನ್ನು ನಿಲ್ಲಿಸಿ, ದೂರದಲ್ಲಿ ಅಲೆಗೆ ತೂಗಾಡುವ ತೇಲುಗಂಟೆಯ ಸದ್ದೊಂದನ್ನೇ ಉಳಿಸಿದ್ದಾನೆ. ಲೇಖಕನು ಇನ್ನು ಅಂಗಿಯ ಮಾತೊಂದನ್ನು ಹೇಳಿ ಸುಮ್ಮನಾಗಬಹುದಾಗಿತ್ತು, ಅದನ್ನೂ ಹೇಳದೆ ಸುಮ್ಮನಿದ್ದರೂ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ನಿಮ್ಮ ಚೌಕಟ್ಟಿನಲ್ಲಿ ಮೂಡಿದ ಮಾತುಗಳ ಭಾವಾರ್ಥ ಇದು: ಅವಳು ದುಃಖದಲ್ಲಿದ್ದಳು. ಕ್ಲಿಕ್. ಅವಳ ಕಣ್ಣುಗಳಲ್ಲಿ ದುಃಖ ತುಂಬಿತ್ತು. ಕ್ಲಿಕ್. ಅವಳನ್ನು ಇಷ್ಟು ದುಃಖಿತಳಾಗಿ ನಾನೆಂದೂ ಕಂಡಿರಲಿಲ್ಲ. ಕ್ಲಿಕ್. ನನ್ನ ಎದೆಯಲ್ಲಿಯೂ ಏನೋ ಹಿಂಡಿದಂತಾಯಿತು, ಇದೂ ದುಃಖವೇ ಇರಬೇಕು. ಕ್ಲಿಕ್. ಆಮೇಲೆ ಮೂರು ಚುಕ್ಕೆಗಳಲ್ಲದೆ ಮತ್ತೇನೂ ಇಲ್ಲದ ಒಂದು ಚೌಕಟ್ಟು. ಅದಕ್ಕೂ ಒಂದು ಕ್ಲಿಕ್. ಹಳದಿ ಅಂಗಿಯ ಪ್ರಸ್ತಾಪ ಆ ಪ್ರಸಂಗದಲ್ಲೆಲ್ಲಿಯೂ ಬರಲಿಲ್ಲ. ಬರೆದವನು ಚಿತ್ರವನ್ನು ನೋಡಿಯೇ ಇರಲಿಲ್ಲವೆಂದು ನಾನು ಊಹಿಸಿದರೆ ತಪ್ಪಾಗಲಾರದು.

ನಮ್ಮ ದೇಶದ ಆಲಂಕಾರಿಕರು ಈ ಬೇನೆಯನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನು ಎಣಿಸುವಾಗ, ರಸಭಾವಗಳನ್ನು ಅವುಗಳ ಹೆಸರಿನಿಂದಲೇ ಹೇಳಿಬಿಡುವುದನ್ನು ಪಟ್ಟಿಯ ಮೊದಲಿಗೇ ಇಟ್ಟಿದ್ದಾನೆ. ದುಃಖವನ್ನು ದುಃಖವೆಂದು ಕೂಗಿ ಹೇಳಿದ ಮಾತ್ರದಿಂದ ಕೇಳುವವನಲ್ಲಿ ಅದು ಹುಟ್ಟುವುದಿಲ್ಲ. ಹುಟ್ಟಬೇಕಾದರೆ ಅದಕ್ಕೆ ಆಸರೆಯಾಗುವ ಆಲಂಬನ ಬೇಕು, ಅದನ್ನು ಕೆರಳಿಸುವ ಉದ್ದೀಪನ ಬೇಕು, ಅದನ್ನು ಹೊರಗೆ ತೋರುವ ಅನುಭಾವ ಬೇಕು. ಚಿತ್ರ ಸಂಗೀತಗಳ ಸಹಾಯವಿಲ್ಲದೆ ಬರಿಯ ಮಾತಿನಿಂದ ಕಾವ್ಯವನ್ನು ಕಟ್ಟುತ್ತಿದ್ದವರಿಗೇ ಈ ನಿಯಮ ಅನ್ವಯಿಸುತ್ತಿದ್ದ ಮೇಲೆ, ಉದ್ದೀಪನವನ್ನೆಲ್ಲ ಚಿತ್ರಕಾರನೂ ಸಂಗೀತಗಾರನೂ ಸಿದ್ಧಮಾಡಿ ಕೈಗೆ ಕೊಟ್ಟಿರುವ ನಿಮಗೆ ಅದು ಎಷ್ಟು ಪಟ್ಟು ಹೆಚ್ಚಾಗಿ ಅನ್ವಯಿಸಬೇಕು! ನಿಮ್ಮ ಗದ್ಯವು ಕೋಣೆಯಲ್ಲಿ ತನ್ನ ಹೊರತು ಬೇರೆ ಯಾರೂ ಮಾತನಾಡುತ್ತಿಲ್ಲವೆಂದು ತಿಳಿದುಕೊಂಡಿದೆ. ಆಕೃತಿ ನಕ್ಕಾಗ, ಅವಳು ನಕ್ಕಳೆನ್ನುತ್ತದೆ. ಪರದೆಯ ಮೇಲೆ ಮಳೆ ಬೀಳುತ್ತಿರುವಾಗ ಮಳೆ ಬರುತ್ತಿತ್ತೆಂದು ಸಾರುತ್ತದೆ. ಬಾಗಿಲ ಸದ್ದನ್ನು ಕಿವಿಯಾರೆ ಕೇಳಿದ ನನಗೆ ಬಾಗಿಲು ಸದ್ದಾಯಿತೆಂದು ವರದಿಮಾಡುತ್ತದೆ. ಕಥಾನಾಯಕನಂತೂ ಅಪ್ಪ ಸತ್ತು, ಗುರುತಿಲ್ಲದ ಊರಿಗೆ ಬಂದು, ನಾಲ್ವರ ಪ್ರೀತಿಯನ್ನು ಗಳಿಸುವವರೆಗೆ, ಕಣ್ಣೆದುರಿಗೆ ಇರುವುದನ್ನು ಓದಿ ಹೇಳುವ ಉದ್ಯೋಗವೊಂದನ್ನು ಬಿಟ್ಟು ಬೇರೆ ಏನನ್ನೂ ಮಾಡಿದವನಲ್ಲ.

ಅದೇ ಬಂದರುಕಟ್ಟೆಯ ಮೇಲೆ ನನಗೊಂದು ಆಯ್ಕೆಯನ್ನು ಕೊಟ್ಟಿರಿ: ಅವಳ ಕೈಯನ್ನು ಹಿಡಿಯುವುದು, ಅಥವಾ ಏನನ್ನೂ ಮಾಡದೆ ಪಕ್ಕದಲ್ಲಿ ನಿಲ್ಲುವುದು. ಅಷ್ಟೆಲ್ಲ ವಾಚಾಳತೆಯ ನಂತರ ಮೌನಕ್ಕೆ ಒಂದು ಅವಕಾಶ ದೊರೆತದ್ದಕ್ಕೆ ಸಂತೋಷಪಟ್ಟು ನಾನು ಎರಡನೆಯದನ್ನು ಒತ್ತಿದೆನು. ಮರುಗಳಿಗೆಯಲ್ಲಿ ಚೌಕಟ್ಟು ಹೇಳಿತು: ಅವಳು ನನ್ನ ಹಿಡಿತದಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ನಾನು ಹಿಡಿಯದೆ ಇದ್ದ ಕೈ! ಹಿಂದಕ್ಕೆ ಹೋಗಿ ಮೊದಲನೆಯದನ್ನು ಒತ್ತಿ ನೋಡಿದೆ. ಅಲ್ಲಿಯೂ ಅಕ್ಷರಶಃ ಅದೇ ವಾಕ್ಯ. ಎರಡು ದಾರಿಗಳಿಗೂ ಒಂದೇ ಗದ್ಯವನ್ನು ಹಾಸಿ, ಅದು ಒಂದು ದಾರಿಗೆ ಮಾತ್ರ ಹೊಂದುತ್ತದೆಂಬುದನ್ನು ನೀವು ಗಮನಿಸಲಿಲ್ಲ. ಹಸ್ತಪ್ರತಿಯನ್ನು ಇಬ್ಬರಾದರೂ ಓದಿದ್ದರೆ ಒಬ್ಬನು ಮೌನವನ್ನು ಒತ್ತಿಯೇ ಒತ್ತುತ್ತಿದ್ದನು.

ಆಯ್ಕೆಯೊಂದಕ್ಕೆ ಒಂದೊಂದು ಬೇರೆ ಕಥೆಯನ್ನು ಬರೆಯಿರೆಂದು ನಾನು ಕೇಳುತ್ತಿಲ್ಲ. ಎರಡೆರಡು ದಾರಿಗಳ ಆಯ್ಕೆ ಹತ್ತು ಸಲ ಬಂದು ಕವಲುಗಳು ಎಲ್ಲಿಯೂ ಕೂಡದೆ ಹೋದರೆ 1024 ಮುಕ್ತಾಯಗಳನ್ನು ಬರೆಯಬೇಕಾಗುತ್ತದೆ. ಮನುಷ್ಯಮಾತ್ರದವರು ಮಾಡುವ ಕೆಲಸವಲ್ಲ. ಆದ್ದರಿಂದ ಕವಲುಗಳು ಸ್ವಲ್ಪ ದೂರ ಹೋಗಿ ಮತ್ತೆ ಹೆದ್ದಾರಿಗೆ ಬಂದು ಸೇರುವುದು ಈ ಕಲೆಯ ರೂಢಿ, ಅದರಲ್ಲಿ ಮೋಸವೇನೂ ಇಲ್ಲ. ಕುಶಲತೆಯೆಲ್ಲ ಇರುವುದು ಸೇರುವ ಜಾಗದಲ್ಲಿ. ಓದುಗನು ಏನನ್ನು ಆರಿಸಿದನೆಂಬುದನ್ನು ಯಂತ್ರವು ಒಂದು ಗುರುತಿನಲ್ಲಿ ನೆನಪಿಟ್ಟುಕೊಳ್ಳಬಲ್ಲುದು. ಫ್ಲ್ಯಾಗ್ ಎಂದು ನೀವೇ ಕರೆಯುವ ಆ ಗುರುತನ್ನು ನೋಡಿಕೊಂಡು, ಮೂರು ಅಧ್ಯಾಯಗಳ ನಂತರ ಅವಳ ಬಾಯಲ್ಲಿ 'ಆ ಬೆಳಿಗ್ಗೆ ನೀನು ಒಂದು ಮಾತನ್ನೂ ಆಡಲಿಲ್ಲ, ನೆನಪಿದೆಯೇ' ಎಂಬ ಒಂದೇ ವಾಕ್ಯವನ್ನು ಇಟ್ಟಿದ್ದರೆ ಸಾಕಾಗಿತ್ತು. ಒಂದು ವಾಕ್ಯದ ಖರ್ಚಿನಲ್ಲಿ ಇಡೀ ಕವಲಿನ ಸಂಪತ್ತು ದೊರೆಯುತ್ತಿತ್ತು. 2016ರ ವಾ-ಇಲೆವೆನ್ ಹಾಲ್-ಎ ಎಂಬ ಕೃತಿಯನ್ನು ನೀವು ಬಲ್ಲಿರಿ; ವೆನೆಜುವೆಲಾ ದೇಶದವರ ರಚನೆ ಅದು. ಅದರಲ್ಲಿ ಓದುಗನ ಪಾತ್ರ ಮದ್ಯದಂಗಡಿಯಲ್ಲಿ ಪಾನೀಯವನ್ನು ಬೆರೆಸಿಕೊಡುವ ಹೆಂಗಸಿನದು. ಏನು ಹೇಳಬೇಕೆಂಬ ಪ್ರಶ್ನೆಯನ್ನೇ ಕೃತಿ ಕೇಳುವುದಿಲ್ಲ, ಬಂದವನಿಗೆ ಏನನ್ನು ಬೆರೆಸಿಕೊಡುವೆ ಎಂಬುದರಲ್ಲಿಯೇ ಮುಖ್ಯವಾದ ಆಯ್ಕೆ ಅಡಗಿದೆ. 2010ರಲ್ಲಿ ಕ್ರಿಸ್ಟೀನ್ ಲವ್ ಬರೆದ ಡಿಜಿಟಲ್ ಎಂಬ ಪ್ರೇಮಕಥೆ ಇನ್ನೂ ಮುಂದೆ ಹೋಗುತ್ತದೆ. 1988ರ ಕಾಲದ ಕಂಪ್ಯೂಟರಿನ ಪರದೆಯೊಂದರಲ್ಲಿಯೇ, ಮೋಡೆಮ್ಮಿನ ಕಿರುಚಾಟದ ನಡುವೆ, ಬಂದ ಸಂದೇಶಗಳನ್ನು ಓದುತ್ತ ಕಥೆ ನಡೆಯುತ್ತದೆ. ಓದುಗನು ಉತ್ತರವನ್ನು ಕಳುಹಿಸುತ್ತಾನೆ, ಆದರೆ ತಾನು ಬರೆದದ್ದೇನೆಂಬುದು ಅವನಿಗೆ ಎಲ್ಲಿಯೂ ಕಾಣಿಸುವುದಿಲ್ಲ, ಮುಂದೆ ಬರುವ ಮರುಪತ್ರದಿಂದ ಊಹಿಸಿಕೊಳ್ಳಬೇಕು. ಪಾತ್ರದ ಮಾತನ್ನು ಪೂರ್ತಿಯಾಗಿ ಅಳಿಸಿಹಾಕಿ ಪಾತ್ರವನ್ನು ಉಳಿಸಿಕೊಂಡ ಆ ಧೈರ್ಯವನ್ನು ನಿಮ್ಮ ನಾಯಕನ ಪಕ್ಕದಲ್ಲಿಟ್ಟು ಒಮ್ಮೆ ನೋಡಿರಿ.

ದೇಶಕಾಲಗಳ ವಿಚಾರದಲ್ಲಿ ನಿಮ್ಮ ಮೇಲೆ ನನಗಿರುವ ಆಕ್ಷೇಪಣೆ ಸ್ವಲ್ಪ ದೀರ್ಘವಾದುದು. ಮೇಯ್ನ್ ರಾಜ್ಯದ ನಿಮ್ಮ ಹೈಸ್ಕೂಲಿನಲ್ಲಿ ಹುಡುಗರು ಬಾಗಿಲಲ್ಲಿ ಬೂಟುಗಳನ್ನು ಕಳಚಿ, ಹೆಸರು ಬರೆದ ಗೂಡುಗಳಲ್ಲಿಟ್ಟು, ಒಳಗೆ ಮೆಟ್ಟುವ ಬೇರೆ ಪಾದರಕ್ಷೆಯನ್ನು ಹಾಕಿಕೊಳ್ಳುತ್ತಾರೆ; ಮಧ್ಯಾಹ್ನದ ಊಟವನ್ನು ಶಾಲೆಯ ಮಾಳಿಗೆಯ ಮೇಲೆ ಕುಳಿತು ಮಾಡುತ್ತಾರೆ; ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೊದಲ ದಿನ ನಾಯಕನ ಭುಜದ ಮೇಲೆ ಚೆರಿಯ ಹೂವಿನ ದಳಗಳು ಉದುರುತ್ತವೆ. ಜಪಾನಿನಲ್ಲಿ ಶಾಲೆ ತೆರೆಯುವುದು ಏಪ್ರಿಲ್ಲಿನಲ್ಲಿ, ಅಲ್ಲಿ ಚೆರಿ ಅರಳುವುದೂ ಅದೇ ಹೊತ್ತಿಗೆ; ಆದ್ದರಿಂದ ಅಲ್ಲಿಯ ಕಥೆಗಳಲ್ಲಿ ಹೊಸ ತರಗತಿಗೂ ಹೂವಿಗೂ ಗಂಟು ಬಿದ್ದಿದೆ. ನೀವು ಶಾಲೆಯನ್ನು ಅಮೆರಿಕಕ್ಕೆ ಸಾಗಿಸಿದಿರಿ, ತಿಂಗಳನ್ನು ಅಮೆರಿಕದ ಪಂಚಾಂಗದಂತೆ ತಿದ್ದಿದಿರಿ, ಹೂವನ್ನು ಮಾತ್ರ ಹಾಗೆಯೇ ಬಿಟ್ಟಿರಿ. ಅದು ಶರತ್ಕಾಲದಲ್ಲಿ, ಎಲೆ ಕೆಂಪಾಗುವ ಹವಣಿನಲ್ಲಿರುವ ಮರದಿಂದ ಉದುರಿತು. ಮಮ್ಮಟನ ನಾಡಿನವನೇ ಆದ ಕ್ಷೇಮೇಂದ್ರನು ಔಚಿತ್ಯದ ಪ್ರಭೇದಗಳಲ್ಲಿ ದೇಶಕ್ಕೆ ಒಂದು, ಕಾಲಕ್ಕೆ ಒಂದು ಎಂದು ಬೇರೆ ಬೇರೆಯಾಗಿ ವಿಂಗಡಿಸಿ ಹೇಳಿದ್ದಾನೆ. ಎರಡನ್ನೂ ಒಂದೇ ಹೂವಿನಲ್ಲಿ ಭಂಗಪಡಿಸಿದ ಉದಾಹರಣೆ ಅವನಿಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ನಗುವಿಗೆ ಹೇಳಿದ ಮಾತೆಂದು ಇದನ್ನು ತಳ್ಳಿಹಾಕಬೇಡಿ, ಏಕೆಂದರೆ ನೀವು ಯಾರನ್ನು ಗುರುಗಳೆಂದು ಭಾವಿಸಿ ಅನುಕರಿಸಿದಿರೋ ಅವರಿಂದ ಕಲಿಯಬೇಕಾದ ಮುಖ್ಯವಾದ ಪಾಠವೇ ನಿಮ್ಮ ಕೈತಪ್ಪಿತು. ಹೊರೀಯ ಪೋರ್ಟೋಪಿಯಾ ನಡೆಯುವುದು ಮುಖ್ಯವಾಗಿ ಬಂದರುನಗರವಾದ ಕೋಬೆಯಲ್ಲಿ. 2009ರ ಸ್ಟೈನ್ಸ್ ಗೇಟ್ ಟೋಕಿಯೋದ ಅಕಿಹಬಾರಾ ಪೇಟೆಯನ್ನು ಅದರ ಬಿಡಿಭಾಗದ ಅಂಗಡಿಗಳ ಸಮೇತ ಕಥೆಯೊಳಕ್ಕೆ ಎಳೆದುಕೊಂಡಿದೆ. 2002ರಿಂದ ಕಂತುಕಂತಾಗಿ ಬಂದ ಹಿಗುರಾಶಿಯ ಹಳ್ಳಿ ಕಲ್ಪಿತವಾದರೂ ಅದರ ಕಡಿದಾದ ಹುಲ್ಲುಮಾಡುಗಳು ಶಿರಕಾವಾಗೋ ಎಂಬ ನಿಜವಾದ ಹಳ್ಳಿಯಿಂದ ಬಂದವು. ಆ ಕೃತಿಯ ಮೂಲ ಚಿತ್ರಗಳನ್ನು ಬರೆದವನು ಕಥೆಗಾರನೇ, ಕೈಬೆರಳುಗಳು ಉಬ್ಬಿದ ಕೈಗವಸಿನಂತೆ ಕಾಣುವಷ್ಟು ಒರಟಾದ ಚಿತ್ರಗಳು. ಆಯ್ಕೆಗಳೂ ಅದರಲ್ಲಿ ಇಲ್ಲ. ಆದರೂ ಸಿಕಾಡ ಕೀಟಗಳ ಕೂಗು ತುಂಬಿದ ಆ ಬೇಸಿಗೆಯ ಗದ್ಯವನ್ನು ಹಿಡಿದವರು ಬಿಡಲಾರದೆ ಹೋದರು. ಅವರೆಲ್ಲರೂ ತಮ್ಮ ನಾಡಿನ ಊರುಗಳನ್ನು ಬರೆದರು. ಅವರ ಊರಿನ ಬೂಟಿನ ಗೂಡನ್ನು ತಂದು ನಿಮ್ಮ ಊರಿನಲ್ಲಿ ಇಟ್ಟಿರಿ ನೀವು. ಏಸ್ ಅಟಾರ್ನಿಯನ್ನು ಇಂಗ್ಲಿಷಿಗೆ ತಂದವರೂ ಕಥೆಯನ್ನು ಲಾಸ್ ಏಂಜಲೀಸಿಗೆ ಸಾಗಿಸಿ, ನಾಯಕನ ಸಹಾಯಕಿಯ ಪ್ರಿಯಾಹಾರವಾದ ರಾಮೆನ್ ಶ್ಯಾವಿಗೆಯನ್ನು ಬರ್ಗರ್ ಮಾಡಿದರೆಂಬುದು ನಿಜ. ಆದರೆ ಅವರದು ಇನ್ನೊಬ್ಬರ ಕೃತಿಗೆ ಕಟ್ಟುಬಿದ್ದ ಭಾಷಾಂತರಕಾರರ ಸಂಕಟ, ಆ ಸಂಕಟವನ್ನು ಅವರು ವಿನೋದವಾಗಿ ಮಾರ್ಪಡಿಸಿಕೊಂಡರು. ನಿಮ್ಮನ್ನು ಕಟ್ಟಿಹಾಕಿದವರು ಯಾರೂ ಇರಲಿಲ್ಲ. ನಿಮ್ಮ ಪಾತ್ರಗಳ ಇಂಗ್ಲಿಷೂ ಹಾಗೆಯೇ, ಬೇರೊಂದು ಭಾಷೆಯಲ್ಲಿ ಹುಟ್ಟಿ ಅವಸರದಲ್ಲಿ ಭಾಷಾಂತರಗೊಂಡಂತಿದೆ. ಮೂಲ ಮಾತ್ರ ಎಲ್ಲಿಯೂ ಇಲ್ಲ. ಹದಿನಾರು ವರ್ಷದ ಬೆಸ್ತರ ಹುಡುಗಿ ಜಗಳವಾಡುವಾಗಲೂ ಉಪಶೀರ್ಷಿಕೆಯಂತೆ ಮಾತನಾಡುತ್ತಾಳೆ. ಬ್ರಿಯಾನಾ ಲೇ 2017ರಲ್ಲಿ ಬರೆದ ಬಟರ್‌ಫ್ಲೈ ಸೂಪ್ ಇದಕ್ಕೆ ಒಳ್ಳೆಯ ಮದ್ದು: ಕ್ಯಾಲಿಫೋರ್ನಿಯದಲ್ಲಿ ಬೇಸ್‌ಬಾಲ್ ಆಡುವ ನಾಲ್ವರು ಹುಡುಗಿಯರು, ಅವರಲ್ಲಿ ದಿಯಾ ಮತ್ತು ಆಕರ್ಷಾ ನಮ್ಮ ದೇಶದಿಂದ ಹೋದವರ ಮಕ್ಕಳು, ಅವರ ಪರಿಹಾಸ, ಬೈಗುಳ, ತಂದೆತಾಯಿಗಳ ಹೆದರಿಕೆ, ಇವುಗಳಲ್ಲಿ ಒಂದೂ ಎರವಲು ತಂದುದಲ್ಲ. ಅಂತಹ ಮನೆಗಳ ಮಕ್ಕಳನ್ನು ಬಲ್ಲ ಕನ್ನಡಿಗರು ಓದಿದರೆ ಎಲ್ಲೋ ಕೇಳಿದ ದನಿಗಳೆಂದು ತಲೆದೂಗುವರು.

ನಿಮಗೆ ಬರೆಯಲು ಬರುವುದಿಲ್ಲವೆಂದು ನಾನು ಹೇಳುವಂತಿಲ್ಲ, ಹಾಗೆ ಹೇಳದಂತೆ ನನ್ನ ಬಾಯನ್ನು ಕಟ್ಟಿರುವುದು ನಿಮ್ಮ ನಾಲ್ಕನೆಯ ಕವಲಿನ ಒಂದು ಪುಟ್ಟ ಪ್ರಸಂಗ. ನಾಯಿಕೆಯ ಅಜ್ಜನು ದೋಣಿಯಲ್ಲಿ ಕುಳಿತು ಬೋನಿನಿಂದ ಲಾಬ್‌ಸ್ಟರುಗಳನ್ನು ತೆಗೆಯುತ್ತಾನೆ. ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಅಂಚಿನವರೆಗೆ ಲೋಹದ ಅಳತೆಗೋಲನ್ನು ಇಟ್ಟು ನೋಡಿ, ಚಿಕ್ಕದನ್ನೂ ಅತಿ ದೊಡ್ಡದನ್ನೂ ಕಡಲಿಗೆ ಹಿಂದಿರುಗಿಸುತ್ತಾನೆ. ಹೊಟ್ಟೆಯ ಕೆಳಗೆ ಮೊಟ್ಟೆಗಳನ್ನು ಹೊತ್ತ ಹೆಣ್ಣೊಂದು ಸಿಕ್ಕಾಗ, ಅದರ ಬಾಲದ ರೆಕ್ಕೆಯಲ್ಲಿ ಸಣ್ಣದೊಂದು ಕಚ್ಚು ಹಾಕಿ, ಇದು ಮೊಟ್ಟೆಯಿಡುವ ಜೀವ, ಇನ್ನು ಯಾರ ಬೋನಿಗೆ ಬಿದ್ದರೂ ಅವರು ಬಿಟ್ಟುಬಿಡಬೇಕು ಎಂದು ಮೊಮ್ಮಗಳಿಗೆ ಹೇಳಿ ನೀರಿಗೆ ಇಳಿಬಿಡುತ್ತಾನೆ. ಮೇಯ್ನಿನ ಬೆಸ್ತರು ತಲೆಮಾರುಗಳಿಂದ ನಡೆಸಿಕೊಂಡು ಬಂದ, ಅಲ್ಲಿಯ ಕಾನೂನೂ ಒಪ್ಪಿಕೊಂಡ ಪದ್ಧತಿ ಇದು. ಬರೆದವರಿಗೆ ಇದು ಕಂಡು ತಿಳಿದ ವಿಷಯವೆಂಬುದು ಒಂದೊಂದು ವಾಕ್ಯದಲ್ಲಿಯೂ ಗೊತ್ತಾಗುತ್ತದೆ. ಅಲ್ಲಿ ಯಾರ ಕಣ್ಣಿನಲ್ಲಿಯೂ ಯಾವ ಭಾವವೂ ತುಂಬುವುದಿಲ್ಲ. ಅಜ್ಜ ಮೊಮ್ಮಗಳ ನಡುವಿನ ವಿಶ್ವಾಸ ಪ್ರೀತಿಯೆಂಬ ಶಬ್ದದ ಸಹಾಯವಿಲ್ಲದೆ ನನ್ನನ್ನು ಬಂದು ಮುಟ್ಟಿತು, ಕ್ಲಿಕ್ ಮಾಡಿದ್ದು ನನಗೆ ನೆನಪೇ ಇಲ್ಲ. ಇದನ್ನು ಬರೆದ ಲೇಖನಿ ನಿಮ್ಮ ಮಂಡಲಿಯಲ್ಲಿರುವಾಗ ಬಂದರುಕಟ್ಟೆಯ ಪ್ರಸಂಗವನ್ನು ಯಾರ ಕೈಗೆ ಕೊಟ್ಟಿರಿ? ಕತಾವಾ ಶೋಜೋವನ್ನೂ ಕವಲಿಗೊಬ್ಬ ಲೇಖಕನಂತೆ ಹಂಚಿಕೊಂಡು, ಬೇರೆ ಬೇರೆ ದೇಶಗಳಲ್ಲಿದ್ದ ಹವ್ಯಾಸಿಗಳು ಸಂಬಳವಿಲ್ಲದೆ ಬರೆದರು. ಅವರ ಶೈಲಿಗಳಲ್ಲಿ ಏರಿಳಿತವಿದ್ದರೂ ಒಬ್ಬನ ಕವಲಿನಲ್ಲಿ ಸತ್ತ ತಾಯಿ ಇನ್ನೊಬ್ಬನ ಕವಲಿನಲ್ಲಿ ಟೆಲಿಫೋನಿನಲ್ಲಿ ಮಾತನಾಡಿದ ಪ್ರಸಂಗವೇನೂ ಅಲ್ಲಿ ಒದಗಲಿಲ್ಲ. ನಿಮ್ಮಲ್ಲಿ ಒದಗಿದೆ. ಮೂರನೆಯ ನಾಯಿಕೆಯ ತಾಯಿ ಅವಳು.

ಗಾತ್ರದ ವಿಷಯವನ್ನು ಹೇಳದೆ ಬಿಡಬಹುದಾಗಿತ್ತು, ನೀವೇ ಅದನ್ನು ಜಾಹೀರಾತಿನ ಮೊದಲ ಸಾಲಿನಲ್ಲಿ ಇಡದೆ ಇದ್ದಿದ್ದರೆ. ಲಕ್ಷಗಟ್ಟಲೆ ಪದಗಳು, ಹತ್ತಾರು ಗಂಟೆಗಳ ಓದು ಎಂದು ಹೆಮ್ಮೆಯಿಂದ ಸಾರಿದ್ದೀರಿ. ರೆನ್‌ಪೈಯಲ್ಲಿ ಲಿಂಟ್ ಎಂಬ ಪರೀಕ್ಷೆಯೊಂದಿದೆ. ಅದನ್ನು ನಡೆಸಿದರೆ ಕಾಣೆಯಾದ ಚಿತ್ರಗಳನ್ನೂ ಮುರಿದ ಕೊಂಡಿಗಳನ್ನೂ ತೋರಿಸಿ, ಕೊನೆಗೆ ಇಷ್ಟು ಮಾತುಗಳು, ಇಷ್ಟು ಪದಗಳು ಎಂದು ಲೆಕ್ಕವನ್ನೂ ಒಪ್ಪಿಸುತ್ತದೆ. ನಿಮ್ಮ ಹೆಮ್ಮೆಯ ಅಂಕಿ ಬಂದದ್ದು ಅಲ್ಲಿಂದಲೇ ಇರಬೇಕು. ಆದರೆ ಆ ಪದಗಳಲ್ಲಿ ಎಷ್ಟು ಪುನರುಕ್ತಿ, ಎಷ್ಟು ಮೂರು ಚುಕ್ಕೆ ಎಂಬುದನ್ನು ಲೆಕ್ಕಹಾಕುವ ಪರೀಕ್ಷೆ ಯಂತ್ರದಲ್ಲಿಲ್ಲ. ಕ್ರಿಸ್ಟೀನ್ ಲವ್ ಅವರ ಪ್ರೇಮಕಥೆ ಒಂದು ಸಂಜೆಯಲ್ಲಿ ಮುಗಿಯುತ್ತದೆ, ಯಾರೂ ಅದು ಕಡಿಮೆಯಾಯಿತೆಂದು ದೂರಿದ್ದನ್ನು ನಾನು ಕೇಳಿಲ್ಲ. ಪ್ರಸಂಗವಶಾತ್ ಇನ್ನೊಂದು ಮಾತು: ನಿಮ್ಮ ಕೃತಿ ಬಿಕರಿಯಾಗುವ ಸ್ಟೀಮ್ ಎಂಬ ಅಂತರ್ಜಾಲದ ಮಳಿಗೆಯಲ್ಲಿ, ಕೊಂಡ 14 ದಿನಗಳೊಳಗಾಗಿ, ಆಟವು 2 ಗಂಟೆಯನ್ನು ಮುಟ್ಟುವುದಕ್ಕೆ ಮುಂಚೆ ಕೇಳಿದರೆ ಹಣವನ್ನು ಹಿಂದಕ್ಕೆ ಕೊಡುವ ಕ್ರಮವಿದೆ, ನಿಮ್ಮ ಗದ್ಯವು ತಿದ್ದಿ ತೀಡಿದಂತೆ ಇರುವುದೂ ಮೊದಲ ಎರಡು ಗಂಟೆಗಳವರೆಗೆ. ಕಾಕತಾಳೀಯವೆಂದೇ ನಂಬುತ್ತೇನೆ. ಹಣವನ್ನು ನಾನು ಕೇಳುತ್ತಿಲ್ಲ. ಅಜ್ಜನ ಅಳತೆಗೋಲಿಗೆ ಅದು ಸಂದಾಯವಾಯಿತು.

ನಾನು ಕೇಳುವುದು ಬೇರೆ. ಅಚ್ಚಾದ ಪುಸ್ತಕದ ತಪ್ಪನ್ನು ಮುಂದಿನ ಮುದ್ರಣದವರೆಗೆ ಹೊರಬೇಕು, ನಿಮಗೆ ಆ ಶಾಪವಿಲ್ಲ; ಕೊಂಡವರ ಯಂತ್ರಗಳಿಗೆಲ್ಲ ಒಂದೇ ರಾತ್ರಿಯಲ್ಲಿ ತಿದ್ದುಪಡಿಯನ್ನು ಕಳುಹಿಸಬಲ್ಲಿರಿ, ಗುಂಡಿಯೊಂದರ ಬಣ್ಣವನ್ನು ಬದಲಾಯಿಸುವುದಕ್ಕೆ ಎರಡು ಸಲ ಕಳುಹಿಸಿಯೂ ಇದ್ದೀರಿ. ಆ ಹಿಡಿಯದ ಕೈಯ ವಾಕ್ಯವನ್ನೂ, ಸೆಪ್ಟೆಂಬರಿನ ಚೆರಿಯನ್ನೂ, ಮೂರನೆಯ ನಾಯಿಕೆಯ ತಾಯಿಯನ್ನೂ ಅದೇ ದಾರಿಯಲ್ಲಿ ಸರಿಪಡಿಸಬಹುದು. ದುಃಖದ ನಾಲ್ಕು ಚೌಕಟ್ಟುಗಳಲ್ಲಿ ಮೂರನ್ನು ತೆಗೆದುಹಾಕುವುದಕ್ಕೆ ಒಂದು ಪದವನ್ನೂ ಹೊಸದಾಗಿ ಬರೆಯಬೇಕಾಗಿಲ್ಲ. ಮಾಡುವ ಮುಂಚೆ, ಚಿತ್ರವನ್ನು ಪರದೆಯ ಮೇಲಿಟ್ಟು, ಸಂಗೀತವನ್ನು ಹಚ್ಚಿ, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಬೆರಳನ್ನು ಒತ್ತುತ್ತ ಹೋಗಿರಿ. ಓದುವವನ ನಾಲಗೆ ನಾಚಿಕೊಂಡಲ್ಲೆಲ್ಲ ಒಂದು ಗುರುತು ಹಾಕಿಕೊಳ್ಳಿರಿ.

ನಿಮ್ಮ ಕೃತಜ್ಞತಾಪಟ್ಟಿಯನ್ನು ನಾನು ಕಡೆಯವರೆಗೂ ನೋಡಿದೆನೆಂದು ಮೊದಲೇ ಹೇಳಿದೆ. ಅದರಲ್ಲಿ ಹಿನ್ನೆಲೆಯ ಚಿತ್ರಕಾರರಿದ್ದಾರೆ, ಆಕೃತಿಗಳಿಗೆ ಬಣ್ಣ ಹಾಕಿದವರು ಬೇರೆಯಾಗಿ ಇದ್ದಾರೆ, ಸಂಗೀತಗಾರರು, ಧ್ವನಿ ಕೊಟ್ಟವರು, ಪ್ರೋಗ್ರಾಮ್ ಬರೆದವರು, ಜಾಹೀರಾತನ್ನು ನೋಡಿಕೊಂಡವರು, ಮುಂಗಡ ಹಣವನ್ನು ಕೊಟ್ಟ ನೂರಾರು ಉದಾರಿಗಳು, ಒಬ್ಬರ ಮನೆಯ ಬೆಕ್ಕು ಕೂಡ ಇದೆ. ಸಂಪಾದಕನೆಂದು ಒಂದು ಹೆಸರೂ ಇಲ್ಲ. ಎರಡನೆಯ ಭಾಗವು ಸಿದ್ಧವಾಗುತ್ತಿದೆಯೆಂಬ ನಿಮ್ಮ ಪ್ರಕಟಣೆಯನ್ನು ಕಂಡೆನು. ಅದರಲ್ಲಿಯೂ ಹೊಸ ಚಿತ್ರಕಾರರೊಬ್ಬರು ಸೇರಿದ ಸುದ್ದಿಯೇ ಇದೆ. ಅದು ಹೊರಬಂದ ದಿನ ನಾನು ಮೊದಲು ಯಾರಾದರೂ ಓದಿ ಮುಗಿಸುವವರೆಗೆ ಕಾದು, ಅವರಿಂದ ಆ ಪಟ್ಟಿಯನ್ನು ಕೇಳಿ ತಿಳಿದುಕೊಂಡು, ಆಮೇಲೆ ಕೊಳ್ಳುವ ವಿಚಾರವನ್ನು ಮಾಡುವೆನು.

ಇತಿ ವಿಜ್ಞಾಪನೆಗಳು,

ನಿಮ್ಮ ನಾಲ್ಕು ಕವಲುಗಳನ್ನೂ ಓದಿದ ಒಬ್ಬ ಕನ್ನಡಿಗ